ಮಕ್ಕಳಿಗೆ ಶಾಲೆ, ಸುತ್ತಮುತ್ತಲ ಜಾಗ ಆರೋಗ್ಯವಾಗಿ ಇಟ್ಕೊಳ್ಳೋದು ಕಲಿಸೋದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ಪ್ರತಿಜ್ಞೆ ಮಾಡಿಸಿದ್ವಿ, ಪೋಸ್ಟರ್ ಬರೆಸಿದ್ವಿ, ಒಂದು ದಿನ ಮಕ್ಕಳೆಲ್ಲ ಸೇರಿ ಇಡೀ ಆವರಣ ಗುಡಿಸಿದ್ರು, ಎರಡು ವಾರ ಆದ್ಮೇಲೆ ನೋಡಿದ್ರೆ ಮೊದಲು ಹೇಗಿತ್ತೋ ಹಾಗೇ ಇದೆ, ಏನ್ ಮಾಡೋದು ಹೇಳಿ ಅಂತ ಟೀಚರ್‌ಗಳು, ಅಪ್ಪ ಅಮ್ಮಂದಿರು ಕೇಳ್ತಾನೇ ಇರ್ತಾರೆ. ಹೆಚ್ಚಿನ ಕಡೆ ತಪ್ಪು ಮಕ್ಕಳದ್ದಲ್ಲ, ಕೆಲಸದ ಕ್ರಮದ್ದು. ನಲ್ಲಿ ಹತ್ರ ಸೋಪೇ ಇಲ್ದೆ ಕೈ ತೊಳೆಯೋ ಪಾಠ ಮಾಡಿರ್ತೀವಿ, ಡಸ್ಟ್‌ಬಿನ್ ಐವತ್ತು ಹೆಜ್ಜೆ ದೂರ ಇಟ್ಟು ಕಸ ಎಸೀಬೇಡಿ ಅಂದಿರ್ತೀವಿ. ಮೊದಲು ಆ ಕೆಲಸ ಮಾಡೋಕೆ ಆಗೋ ಹಾಗೆ ಜಾಗ ರೆಡಿ ಮಾಡ್ಬೇಕು, ಆಮೇಲೆ ಒಂದೊಂದೇ ಅಭ್ಯಾಸ, ಕೊನೆಗೆ ಗೇಟಿನ ಆಚೆ. ಈ ಕ್ರಮ ತಲೆಕೆಳಗಾದ್ರೆ ಎಷ್ಟು ಉತ್ಸಾಹ ಇದ್ರೂ ನಿಲ್ಲಲ್ಲ.

ಕೆಳಗಿನ ಹಂತಗಳನ್ನ ದಯವಿಟ್ಟು ಇದೇ ಸಾಲಲ್ಲಿ ಮಾಡಿ, ಮಧ್ಯದ್ದು ಹಾರಿಸ್ಬೇಡಿ.

ಶುರು ಮಾಡೋ ಮುಂಚೆ ಏನೇನು ಬೇಕು

ತುಂಬಾ ಏನಿಲ್ಲ. ಸೋಪು, ಅದನ್ನ ನೇತು ಹಾಕೋಕೆ ಒಂದು ಬಲೆ ಚೀಲ ಅಥವಾ ಹಳೇ ಕಾಲುಚೀಲ. ಮುಚ್ಚಳ ಇರೋ ಡಸ್ಟ್‌ಬಿನ್‌ಗಳು, ಕನಿಷ್ಠ ಎರಡು ಬಣ್ಣದ್ದು. ಮಕ್ಕಳ ಕೈಗೆ ಸರಿಯಾಗಿ ಕೂರೋ ದಪ್ಪ ರಬ್ಬರ್ ಗ್ಲೌಸ್, ಉದ್ದ ಹಿಡಿಯ ಇಕ್ಕಳ, ಪೊರಕೆ, ಬಕೆಟ್, ಗಟ್ಟಿ ಬ್ರಷ್. ಕಸ ತೂಗೋಕೆ ಒಂದು ಸ್ಪ್ರಿಂಗ್ ತಕ್ಕಡಿ ಇದ್ರೆ ತುಂಬಾ ಒಳ್ಳೇದು. ಒಂದು ದಪ್ಪ ನೋಟ್‌ಬುಕ್ಕು, ಒಂದು ದೊಡ್ಡ ಡ್ರಾಯಿಂಗ್ ಶೀಟು. ದೊಡ್ಡವರ ಗ್ಲೌಸ್ ಮಕ್ಕಳಿಗೆ ಕೊಡ್ಬೇಡಿ, ಸಡಿಲ ಆಗಿ ಜಾರುತ್ತೆ, ಜಾರಿದ್ದನ್ನ ಸರಿ ಮಾಡ್ಕೊಳ್ಳೋಕೆ ಹೋಗಿ ಕೊಳಕು ಕೈನ ಮುಖಕ್ಕೆ ತಂದ್ಕೊತಾರೆ.

ಕ್ಲೀನಿಂಗ್ ಆಸಿಡ್, ಬ್ಲೀಚ್ ಈ ಪಟ್ಟೀಲಿ ಇಲ್ಲ, ಅದು ಬೇಕಂತಲೇ. ಅವೆರಡೂ ದೊಡ್ಡವರ ಕೈಲಿ, ಬೀಗ ಹಾಕಿದ ಕಪಾಟಲ್ಲಿ ಇರ್ಬೇಕು. ಬ್ಲೀಚ್‌ಗೆ ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಅಮೋನಿಯಾ ಇರೋ ಕ್ಲೀನರ್ ಜೊತೆ ಸೇರಿದ್ರೆ ಕ್ಲೋರಮೈನ್, ಎರಡೂ ಶ್ವಾಸಕೋಶಕ್ಕೆ ವಿಷ. "ಎರಡೂ ಹಾಕಿದ್ರೆ ಇನ್ನೂ ಚೆನ್ನಾಗಿ ಹೋಗುತ್ತೆ" ಅಂತ ದೊಡ್ಡವರೇ ಮಾಡೋ ತಪ್ಪು ಇದು, ಸಿಬ್ಬಂದಿಗೂ ಒಂದ್ಸಲ ಕೂರಿಸಿ ಹೇಳಿ.

ಹಂತ 1: ಒಂದು ದಿನ ಏನೂ ಹೇಳ್ದೆ ಸುಮ್ನೆ ನೋಡಿ

ಇದು ದೊಡ್ಡವರ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ನಲ್ಲಿ ಹತ್ರ, ಟಾಯ್ಲೆಟ್ ಬಾಗಿಲ ಹತ್ರ, ಊಟದ ಜಾಗದಲ್ಲಿ ಹತ್ತತ್ತು ನಿಮಿಷ ನಿಂತು ನೋಡಿ. ಎಷ್ಟು ಮಕ್ಕಳು ಟಾಯ್ಲೆಟ್‌ನಿಂದ ಬಂದ್ರು, ಅದ್ರಲ್ಲಿ ಎಷ್ಟು ಜನ ಸೋಪು ಮುಟ್ಟಿದ್ರು, ಕಸ ಎಲ್ಲಿ ಬಿತ್ತು ಅಂತ ಬರ್ಕೊಳ್ಳಿ. ಬೈಬೇಡಿ, ತಿದ್ದಬೇಡಿ. ನೀವು ನೋಡ್ತಿದ್ದೀರ ಅಂತ ಗೊತ್ತಾದ್ರೆ ಎಲ್ರೂ ತೊಳೆಯೋಕೆ ಶುರು ಮಾಡ್ತಾರೆ, ಆಗ ಲೆಕ್ಕ ಸುಳ್ಳಾಗುತ್ತೆ.

ನಾನು ಒಂದು ಕಡೆ ಹೀಗೆ ನಿಂತಿದ್ದಾಗ ಒಂದನೇ ಕ್ಲಾಸಿನ ಒಂದು ಹುಡುಗಿ ನಲ್ಲಿ ತಿರುಗಿಸೋಕೆ ತುದಿಗಾಲಲ್ಲಿ ನಿಂತ್ಳು, ಆಗ್ಲಿಲ್ಲ, ಎರಡೂ ಕೈಲಿ ಹಿಡಿದು ಎಳೆದ್ಳು, ನೀರು ಬಂತು ಆದ್ರೆ ಸೋಪು ಗೋಡೆ ಮೇಲಿನ ಗೂಡಲ್ಲಿತ್ತು, ಅವಳ ತಲೆಗಿಂತ ಒಂದು ಗೇಣು ಮೇಲೆ. ಅವಳು ಅದನ್ನ ಒಂದ್ಸಲ ನೋಡಿ, ಬರೀ ನೀರಲ್ಲಿ ಬೆರಳ ತುದಿ ಒದ್ದೆ ಮಾಡ್ಕೊಂಡು ಲಂಗಕ್ಕೆ ಒರೆಸ್ಕೊಂಡು ಓಡಿದ್ಳು. ಆ ಮಗುಗೆ ಕೈ ತೊಳೆಯೋದರ ಬಗ್ಗೆ ಅದೇ ವಾರ ಪಾಠ ಆಗಿತ್ತು. ಅವಳಿಗೆ ಗೊತ್ತಿರ್ಲಿಲ್ಲ ಅಂತಲ್ಲ, ಕೈಗೆ ಸಿಕ್ಕಲಿಲ್ಲ ಅಷ್ಟೇ.

ಹಂತ 2: ಕೈಗೆ ಸಿಗೋ ಹಾಗೆ ಮಾಡಿ

ಹಂತ 1ರಲ್ಲಿ ಕಂಡ ಅಡ್ಡಿಗಳನ್ನ ಈಗ ತೆಗೀರಿ, ಇನ್ನೂ ಪಾಠ ಶುರು ಮಾಡ್ಬೇಡಿ. ಸೋಪು ಅತೀ ಚಿಕ್ಕ ಮಗುವಿನ ಎದೆ ಮಟ್ಟಕ್ಕೆ ಬರಲಿ, ನಲ್ಲಿ ಎತ್ತರ ಆದ್ರೆ ಜಾರದ ಗಟ್ಟಿ ಮೆಟ್ಟಿಲು ಹಾಕಿ. ಸೋಪು ಕಳುವಾಗುತ್ತೆ ಅಂತ ಬೀರುವಲ್ಲಿಟ್ಟು ಕೇಳಿದಾಗ ಕೊಡೋ ಪದ್ಧತಿ ಇದ್ರೆ ಇವತ್ತೇ ನಿಲ್ಸಿ, ಯಾವ ಮಗುನೂ ಟಾಯ್ಲೆಟ್‌ನಿಂದ ಬಂದು ಸ್ಟಾಫ್ ರೂಮಿಗೆ ಹೋಗಿ ಸೋಪು ಕೊಡಿ ಅನ್ನಲ್ಲ. ಬಲೆ ಚೀಲದಲ್ಲಿ ಹಾಕಿ ನಲ್ಲಿಗೇ ಕಟ್ಟಿ, ಚೀಲದ ಮೇಲಿಂದಾನೇ ಉಜ್ಜಬಹುದು. ಇಲ್ಲಾಂದ್ರೆ ಒಂದೂವರೆ ಲೀಟರ್ ಬಾಟಲಿ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿ ಇಟ್ರೂ ಸಾಕು, ಕೈ ತೊಳೆಯೋಕೆ ಅದೇ ಧಾರಾಳ.

ನೀರಿನ ನಲ್ಲಿ ಇಲ್ಲದ ಕಡೆ ಒಂದು ಕ್ಯಾನ್ ನೇತುಹಾಕಿ, ಅದಕ್ಕೆ ಹಗ್ಗ ಕಟ್ಟಿ, ಕಾಲಲ್ಲಿ ಕೋಲು ತುಳಿದ್ರೆ ಕ್ಯಾನ್ ಬಗ್ಗಿ ನೀರು ಬರೋ ಹಾಗೆ ಮಾಡಬಹುದು. ಕ್ಯಾನನ್ನ ಕೈಲಿ ಮುಟ್ಟೋದೇ ಇಲ್ಲ, ನೀರೂ ಸ್ವಲ್ಪ ಸಾಕು, ಮಕ್ಕಳಿಗಂತೂ ತುಳಿಯೋದೇ ಖುಷಿ.

ಡಸ್ಟ್‌ಬಿನ್ ಎಲ್ಲಿಡಬೇಕು ಅಂತ ನೀವು ಯೋಚಿಸೋ ಅಗತ್ಯ ಇಲ್ಲ, ಕಸ ಈಗಾಗ್ಲೇ ಎಲ್ಲಿ ಬೀಳ್ತಿದ್ಯೋ ಅಲ್ಲೇ ಇಡಿ. ಕುಡಿಯೋ ನೀರಿನ ಪಾತ್ರೆಗೆ ಮುಚ್ಚಳ, ಕೆಳಗೆ ನಲ್ಲಿ ಇರ್ಲಿ, ಲೋಟ ಅದ್ದಿ ತೆಗೆಯೋ ಪಾತ್ರೆ ಆದ್ರೆ ಒಬ್ಬರ ಬೆರಳಿನ ಕೊಳೆ ಎಲ್ಲರ ಹೊಟ್ಟೆಗೆ.

ಇದು ಎಷ್ಟು ಮುಖ್ಯ ಅನ್ನೋಕೆ ಒಂದು ಉದಾಹರಣೆ. ಬಾಂಗ್ಲಾದೇಶದ ಎರಡು ಪ್ರೈಮರಿ ಶಾಲೆಗಳಲ್ಲಿ ಟಾಯ್ಲೆಟ್‌ನಿಂದ ಕೈ ತೊಳೆಯೋ ಜಾಗದವರೆಗೆ ಬಣ್ಣದ ದಾರಿ ಮಾಡಿ, ದಾರೀಲಿ ಹೆಜ್ಜೆ ಗುರುತು, ತೊಳೆಯೋ ಜಾಗದಲ್ಲಿ ಅಂಗೈ ಗುರುತು ಬರೆದ್ರು, ಬೇರೆ ಉಪದೇಶ ಏನೂ ಮಾಡ್ಲಿಲ್ಲ. ಟಾಯ್ಲೆಟ್ ಆದ್ಮೇಲೆ ಸೋಪಲ್ಲಿ ಕೈ ತೊಳೆಯೋ ಮಕ್ಕಳು ಮುಂಚೆ ಶೇಕಡಾ 4 ಇದ್ದಿದ್ದು ಆರು ವಾರ ಆದ್ಮೇಲೂ ಶೇಕಡಾ 74 ಇತ್ತು. 2016ರಲ್ಲಿ ಪ್ರಕಟ ಆದ ಅಧ್ಯಯನ ಅದು. ಎರಡೇ ಶಾಲೆ, ನಿಜ, ಆದ್ರೂ ಒಂದು ಡಬ್ಬ ಪೇಂಟ್ ಅಷ್ಟು ಕೆಲಸ ಮಾಡೋದಾದ್ರೆ ಯಾಕೆ ಬಿಡ್ಬೇಕು.

ಹಂತ 3: ಮಕ್ಕಳ ಕೈಲೇ ನಕ್ಷೆ ಬರೆಸಿ

ಈಗ ಮಕ್ಕಳನ್ನ ಕರೀರಿ. ನಾಲ್ಕೈದು ಜನರ ಗುಂಪು ಮಾಡಿ ಆವರಣ ಸುತ್ತಿಸಿ, ಡ್ರಾಯಿಂಗ್ ಶೀಟಲ್ಲಿ ಶಾಲೆ ನಕ್ಷೆ ಬರೆದು ನಾಲ್ಕು ವಿಷಯ ಗುರುತು ಹಾಕೋಕೆ ಹೇಳಿ: ನೀರು ನಿಲ್ಲೋ ಜಾಗ, ಕಸ ಸೇರೋ ಜಾಗ, ವಾಸನೆ ಬರೋ ಜಾಗ, ಹೋಗೋಕೆ ಭಯ ಅಥವಾ ಅಸಹ್ಯ ಆಗೋ ಜಾಗ. ಕೊನೇದನ್ನ ಮರೀಬೇಡಿ. ಚಿಲಕ ಇಲ್ಲದ ಟಾಯ್ಲೆಟ್, ಲೈಟ್ ಇಲ್ಲದ ಮೂಲೆ ದೊಡ್ಡವರಿಗೆ ಕಾಣೋದೇ ಇಲ್ಲ, ಮಕ್ಕಳ ನಕ್ಷೇಲಿ ಮಾತ್ರ ಬರುತ್ತೆ. ಹುಡುಗೀರ ಗುಂಪು, ಹುಡುಗರ ಗುಂಪು ಬೇರೆ ಬೇರೆ ನಕ್ಷೆ ಬರೆದ್ರೆ ಇನ್ನೂ ಒಳ್ಳೇದು, ಎರಡೂ ಒಂದೇ ಥರ ಇರಲ್ಲ ನೋಡಿ.

ಇಲ್ಲಿ ಆಗೋ ತಪ್ಪು ಅಂದ್ರೆ ಟೀಚರ್ ಮೊದಲೇ ಬೆರಳು ತೋರಿಸಿ ಇದು ಬರಿ, ಅದು ಬರಿ ಅನ್ನೋದು. ಬಾಯಿ ಮುಚ್ಕೊಂಡು ಹಿಂದೆ ನಡೀಬೇಕು, ಕಷ್ಟ ಆದ್ರೂ.

ನಕ್ಷೆ ಮುಗಿದ ಮೇಲೆ ಅದನ್ನ ಎಲ್ರಿಗೂ ಕಾಣೋ ಗೋಡೆಗೆ ಹಾಕಿ, ಅದ್ರಲ್ಲಿ ಒಂದು ಸಮಸ್ಯೆನ ದೊಡ್ಡವರು ಒಂದು ವಾರದೊಳಗೆ ಸರಿ ಮಾಡಿ ತೋರಿಸ್ಬೇಕು. ಒಂದು ಚಿಲಕ ಹಾಕಿಸಿದ್ರೂ ಆಯ್ತು. ತಾವು ಹೇಳಿದ್ದಕ್ಕೆ ಏನೋ ಆಗುತ್ತೆ ಅಂತ ಮಕ್ಕಳು ಕಣ್ಣಾರೆ ನೋಡಿದ್ರೆ ಮಾತ್ರ ಮುಂದಿನ ಹಂತಗಳಿಗೆ ಬರ್ತಾರೆ.

ಹಂತ 4: ಒಂದೇ ಅಭ್ಯಾಸದಿಂದ ಶುರು, ಅದು ಕೈ ತೊಳೆಯೋದು

ಎಲ್ಲಾ ಒಟ್ಟಿಗೆ ಹೇಳ್ಬೇಡಿ. ಕೈ ತೊಳೆಯೋದು ಮೊದಲು, ಅದು ಕೂತ್ಮೇಲೆ ಬೇರೇದು. ಎರಡು ಹೊತ್ತು ಗಟ್ಟಿ ಮಾಡಿದ್ರೆ ಸಾಕು: ಟಾಯ್ಲೆಟ್ ಆದ್ಮೇಲೆ, ಊಟಕ್ಕೆ ಮುಂಚೆ. ಊಟಕ್ಕೆ ಮುಂಚೆ ಇಡೀ ಕ್ಲಾಸ್ ಸಾಲಾಗಿ ಹೋಗಿ ಒಟ್ಟಿಗೆ ತೊಳೀಲಿ, ಟೈಮ್‌ಟೇಬಲ್‌ನಲ್ಲೇ ಅದಕ್ಕೆ ಹತ್ತು ನಿಮಿಷ ಬರೀರಿ, "ಟೈಮ್ ಇದ್ರೆ" ಅಂದ್ರೆ ಯಾವತ್ತೂ ಟೈಮ್ ಇರಲ್ಲ.

ತೊಳೆಯೋ ರೀತಿ: ಒದ್ದೆ ಮಾಡಿ, ಸೋಪು ಹಚ್ಚಿ, ನೀರು ನಿಲ್ಲಿಸಿ, ಕನಿಷ್ಠ 20 ಸೆಕೆಂಡ್ ಉಜ್ಜಿ, ಆಮೇಲೆ ತೊಳೆದು ಒಣಗಿಸಿ. ಇಪ್ಪತ್ತರವರೆಗೆ ನಿಧಾನಕ್ಕೆ ಎಣಿಸಿದ್ರೆ ಸರಿ ಹೋಗುತ್ತೆ. ಬಿಸಿ ನೀರೇ ಆಗ್ಬೇಕು ಅಂತಿಲ್ಲ. ಮಕ್ಕಳು ಬಿಡೋ ಜಾಗ ಯಾವಾಗ್ಲೂ ಒಂದೇ, ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ, ಅಂಗೈ ಹಿಂಭಾಗ.

ಇದನ್ನ ಮಾತಲ್ಲಿ ಹೇಳೋ ಬದ್ಲು ತೋರಿಸಿ. ಮಗುವಿನ ಕೈಗೆ ಒಂದು ಹನಿ ಎಣ್ಣೆ ಸವರಿ ಮೇಲೆ ಚಿಟಿಕೆ ಹೊಳೆಯೋ ಪುಡೀನೋ ನುಣ್ಣನೆ ಬಣ್ಣದ ಪುಡೀನೋ ಹಾಕಿ, ಕಣ್ಣಿಗೆ ಮುಟ್ಟಿಸಬೇಡ ಅಂತ ಮೊದಲೇ ಹೇಳಿ. ಈಗ ಬರೀ ನೀರಲ್ಲಿ ತೊಳಿ ಅನ್ನಿ, ಹೋಗಲ್ಲ. ಸೋಪು ಹಚ್ಚಿ ಐದು ಸೆಕೆಂಡ್ ತೊಳಿ ಅನ್ನಿ, ಅಂಗೈ ಸ್ವಚ್ಛ ಆಗುತ್ತೆ, ಉಗುರಿನ ಬುಡದಲ್ಲಿ ಹೆಬ್ಬೆರಳ ಸುತ್ತ ಹಾಗೇ ಇರುತ್ತೆ. ಆಮೇಲೆ ಪೂರ್ತಿ 20 ಸೆಕೆಂಡ್. ಮಗು ಬೆಳಕಿಗೆ ಕೈ ತಿರುಗಿಸಿ ತಿರುಗಿಸಿ ನೋಡ್ಕೊಳ್ಳುತ್ತೆ, ನೀವು ಒಂದು ಮಾತೂ ಆಡೋ ಅಗತ್ಯ ಬೀಳಲ್ಲ.

ತಟ್ಟೆ ನೀರಿಗೆ ಮೆಣಸಿನ ಪುಡಿ ಹಾಕಿ ಸೋಪಿನ ಬೆರಳು ಅದ್ದಿದ್ರೆ ಪುಡಿ ಓಡಿಹೋಗೋ ಪ್ರಯೋಗ ತುಂಬಾ ಜನ ಮಾಡಿಸ್ತಾರೆ, ನಂಗೆ ಅದು ಇಷ್ಟ ಇಲ್ಲ. ಅಲ್ಲಿ ಆಗೋದು ನೀರಿನ ಮೇಲ್ಮೈ ಎಳೆತ ಕಮ್ಮಿ ಆಗೋದು ಅಷ್ಟೇ, ಮಕ್ಕಳು ಮಾತ್ರ ಸೋಪು ಮುಟ್ಟಿಸಿದ ತಕ್ಷಣ ಕ್ರಿಮಿ ಓಡಿ ಹೋಗುತ್ತೆ ಅಂದ್ಕೊತಾರೆ. ನಿಜವಾಗ್ಲೂ ಕೊಳೆ, ಜಿಡ್ಡು, ಕ್ರಿಮಿ ಸಡಿಲ ಆಗೋದು ಉಜ್ಜೋದ್ರಿಂದ, ಹೋಗೋದು ನೀರಲ್ಲಿ ತೊಳೆಯೋದ್ರಿಂದ. ಸ್ಯಾನಿಟೈಸರ್ ಇದೆಯಲ್ಲ ಅನ್ನೋರಿಗೆ ಒಂದು ಮಾತು, ಕೈ ಕಣ್ಣಿಗೆ ಕಾಣೋ ಹಾಗೆ ಕೊಳಕಾಗಿದ್ರೆ ಅದು ಸರಿಯಾಗಿ ಕೆಲಸ ಮಾಡಲ್ಲ, ವಾಂತಿ ಭೇದಿ ತರೋ ನೊರೋವೈರಸ್‌ಗಂತೂ ಸೋಪು ನೀರೇ ಬೇಕು.

ಎಷ್ಟು ದಿನ ಬೇಕು? 21 ದಿನದಲ್ಲಿ ಅಭ್ಯಾಸ ಆಗುತ್ತೆ ಅನ್ನೋದನ್ನ ನಂಬ್ಕೊಂಡು 22ನೇ ದಿನ ಕೈ ಬಿಡ್ಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು ದೊಡ್ಡವರ ಮೇಲೆ ಮಾಡಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗೇ ಬರೋಕೆ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18, ಕೆಲವರಿಗೆ 250 ದಾಟುತ್ತೆ ಅನ್ನೋ ಅಂದಾಜು. ಮಕ್ಕಳಿಗೂ ಎರಡು ತಿಂಗಳು ಅಂತ ಇಟ್ಕೊಳ್ಳಿ, ಅಷ್ಟು ದಿನ ಬೇರೆ ಹೊಸದು ಶುರು ಮಾಡೋ ಆಸೆ ತಡ್ಕೊಳ್ಳಿ.

ಹಂತ 5: ಟಾಯ್ಲೆಟ್

ಎಲ್ರೂ ಮುಜುಗರ ಪಟ್ಟು ದಾಟಿಸೋ ಹಂತ ಇದು. ಮಕ್ಕಳಿಗೆ ಕಲಿಸ್ಬೇಕಾಗಿರೋದು ನಾಲ್ಕೇ: ಬಳಸಿದ ಮೇಲೆ ನೀರು ಹಾಕೋದು, ಸರಿಯಾದ ಜಾಗದಲ್ಲಿ ಕೂರೋದು, ಒಳಗೆ ಪೇಪರ್ ಪ್ಲಾಸ್ಟಿಕ್ ಎಸೀದೇ ಇರೋದು, ಕೆಟ್ಟಿದ್ರೆ ಹೇಳೋದು. ಚಿಕ್ಕ ಮಕ್ಕಳಿಗೆ ಇದನ್ನ ಒಬ್ಬೊಬ್ಬರಿಗೇ ಕರ್ಕೊಂಡ್ ಹೋಗಿ ತೋರಿಸ್ಬೇಕು, ಕ್ಲಾಸಲ್ಲಿ ಎಲ್ಲರ ಮುಂದೆ ಹೇಳಿದ್ರೆ ನಗು ಬರುತ್ತೆ ಹೊರತು ಕಲಿಕೆ ಆಗಲ್ಲ.

ಟಾಯ್ಲೆಟ್ ತೊಳೆಯೋದು ಮಕ್ಕಳ ಕೆಲಸ ಅಲ್ಲ. ಮಲ, ಕೆಮಿಕಲ್ ಎರಡೂ ಇರೋ ಜಾಗ ಅದು. ಶಿಕ್ಷೆ ಅಂತ ಟಾಯ್ಲೆಟ್ ತೊಳೆಸೋದಂತೂ ಎಲ್ಲಕ್ಕಿಂತ ಕೆಟ್ಟದ್ದು, ಸ್ವಚ್ಛತೆ ಅಂದ್ರೆ ಅವಮಾನ ಅಂತ ಆ ಮಗು ಜೀವನಪೂರ್ತಿ ನೆನಪಿಟ್ಕೊಳ್ಳುತ್ತೆ, ನೋಡ್ತಿದ್ದ ಬೇರೆ ಮಕ್ಕಳೂ ಅದನ್ನೇ ಕಲೀತಾರೆ. ಬಡ ಮನೆ ಮಕ್ಕಳಿಗೇ, ಅಥವಾ ಹುಡುಗೀರಿಗೇ ಈ ಕೆಲಸ ಮತ್ತೆ ಮತ್ತೆ ಬರ್ತಿದ್ರೆ ಅಲ್ಲಿಗೇ ನಿಲ್ಲಿಸಿ.

ಮಕ್ಕಳು ಎಷ್ಟೇ ಜೋಪಾನ ಮಾಡಿದ್ರೂ ಟಾಯ್ಲೆಟ್ ಸಂಖ್ಯೆ ಕಮ್ಮಿ ಇದ್ರೆ ಗಲೀಜು ಆಗೇ ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೊಟ್ಟ ಅಳತೆ 25 ಹುಡುಗೀರಿಗೆ ಒಂದು ಟಾಯ್ಲೆಟ್, 50 ಹುಡುಗರಿಗೆ ಒಂದು ಟಾಯ್ಲೆಟ್ ಜೊತೆಗೆ ಮೂತ್ರಾಲಯ. ನಿಮ್ಮ ಲೆಕ್ಕ ಇದಕ್ಕಿಂತ ತುಂಬಾ ಹಿಂದಿದ್ರೆ ಮಕ್ಕಳನ್ನ ಬೈಯೋ ಬದ್ಲು ಆ ಲೆಕ್ಕ ತಗೊಂಡು ಆಡಳಿತದವರ ಹತ್ರ ಹೋಗಿ. ದೊಡ್ಡ ಹುಡುಗೀರಿಗೆ ಚಿಲಕ, ನೀರು, ಮುಚ್ಚಳದ ಡಬ್ಬ ಈ ಮೂರೂ ಇಲ್ದಿದ್ರೆ ಅವರು ನೀರು ಕುಡಿಯೋದೇ ಕಮ್ಮಿ ಮಾಡ್ತಾರೆ, ಮುಟ್ಟಿನ ದಿನಗಳಲ್ಲಿ ಶಾಲೆಗೆ ಬರಲ್ಲ.

ಹಂತ 6: ಕಸ ತೂಗಿ, ಆಮೇಲೆ ಬೇರೆ ಮಾಡಿ

ಒಂದು ದಿನದ ಕಸ ಪೂರ್ತಿ ಒಂದು ಶೀಟ್ ಮೇಲೆ ಸುರೀಬೇಕು. ದೊಡ್ಡವರು ಮೊದಲು ಇಕ್ಕಳದಲ್ಲಿ ಕೆದಕಿ ಗಾಜು, ಬ್ಲೇಡು, ಸೂಜಿ, ಬ್ಯಾಟರಿ ಇದ್ರೆ ತೆಗೀರಿ, ಆಮೇಲೇ ಮಕ್ಕಳು ಗ್ಲೌಸ್ ಹಾಕ್ಕೊಂಡು ಬರ್ಲಿ. ಹಸಿ ಕಸ, ಪೇಪರ್, ಪ್ಲಾಸ್ಟಿಕ್, ಬೇರೆ ಅಂತ ನಾಲ್ಕು ಗುಡ್ಡೆ ಮಾಡಿ ತೂಗಿ ಬೋರ್ಡ್ ಮೇಲೆ ಬರೀಲಿ. ಯಾವ ಗುಡ್ಡೆ ದೊಡ್ಡದೋ ಅದರ ಬಗ್ಗೆ ಮಾತ್ರ ಈ ತಿಂಗಳು ಕೆಲಸ. ತಿಂಗಳಾದ್ಮೇಲೆ ಮತ್ತೆ ತೂಗಿ.

ಸೂಜಿ, ಸಿರಿಂಜು ಕಂಡ್ರೆ ಮುಟ್ಟಬೇಡ, ಅಲ್ಲೇ ನಿಂತು ದೊಡ್ಡವರನ್ನ ಕೂಗು, ಇದನ್ನ ಕಸದ ಕೆಲಸಕ್ಕೆ ಮುಂಚೆ ಪ್ರತಿ ಸಲ ಹೇಳಿ. ನೂರು ಸಲ ಹೇಳಿದ್ರೂ ಜಾಸ್ತಿ ಆಗಲ್ಲ.

ಹಸಿ ಕಸಕ್ಕೆ ಗೊಬ್ಬರದ ಗುಂಡಿ ಮಾಡೋದಾದ್ರೆ ಒಂದು ಪಾಲು ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ, ಕಾಗದ ಚೂರು. ಹಿಂಡಿದ ಬಟ್ಟೆಯಷ್ಟು ಒದ್ದೆ ಇರ್ಬೇಕು, ವಾರಕ್ಕೊಂದ್ಸಲ ಮೇಲೆ ಕೆಳಗೆ ಮಾಡ್ಬೇಕು. ಮಾಂಸ, ಹಾಲಿನ ಪದಾರ್ಥ ಹಾಕ್ಬೇಡಿ, ಇಲಿ ಬರುತ್ತೆ. ಕೊಳೆತ ನಾತ ಬಂದ್ರೆ ಹಸಿ ಜಾಸ್ತಿ ಆಗಿದೆ ಅಂತ, ಒಣ ಎಲೆ ಸುರಿದು ಕಲಸಿ. ಏನೂ ಆಗ್ದೆ ಹಾಗೇ ಒಣಗಿ ಕೂತಿದ್ರೆ ನೀರು ಚಿಮುಕಿಸಿ. ಹೆಚ್ಚಿನ ಶಾಲೆಗಳಲ್ಲಿ ಗುಂಡಿ ಸೋಲೋದು ರಜೆ ಟೈಮಲ್ಲಿ, ಯಾರು ನೋಡ್ಕೊತಾರೆ ಅಂತ ಮೊದಲೇ ಹೆಸರು ಬರೆದಿಡಿ.

ಕಸ ಸುಡೋದು ಬೇಡವೇ ಬೇಡ. ಒಣ ಎಲೆ ಸುಟ್ರೂ ಸಣ್ಣ ಹೊಗೆ ಕಣ ಶ್ವಾಸಕೋಶದ ಆಳಕ್ಕೆ ಹೋಗುತ್ತೆ, ಅದ್ರ ಜೊತೆ ಪ್ಲಾಸ್ಟಿಕ್ ಸೇರಿದ್ರೆ, ಅದ್ರಲ್ಲೂ ಪಿವಿಸಿ ಇದ್ರೆ, ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಮಕ್ಕಳು ಅಷ್ಟು ಶ್ರದ್ಧೆಯಿಂದ ಬೇರೆ ಮಾಡಿದ ಕಸಾನ ಸಂಜೆ ಯಾರೋ ಒಟ್ಟಿಗೆ ಸುರಿದು ಬೆಂಕಿ ಹಚ್ಚಿದ್ದು ಮಕ್ಕಳ ಕಣ್ಣಿಗೆ ಬಿದ್ರೆ ಮಾರನೇ ದಿನದಿಂದ ಒಬ್ಬರೂ ಬೇರೆ ಮಾಡಲ್ಲ. ಹಾಗಾಗಿ ಬೇರೆ ಮಾಡಿದ್ದು ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಖಾತ್ರಿ ಮಾಡ್ಕೊಂಡೇ ಈ ಹಂತ ಶುರು ಮಾಡಿ.

ಹಂತ 7: ವಾರಕ್ಕೊಂದು ದಿನ ನಿಂತ ನೀರಿನ ಬೇಟೆ

ಮಕ್ಕಳಿಗೆ ಇಷ್ಟ ಆಗೋ ಹಂತ. ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಬೆಚ್ಚಗಿನ ಹವೆಯಲ್ಲಿ ಹೆಚ್ಚು ಕಮ್ಮಿ 7ರಿಂದ 10 ದಿನ ಸಾಕು, ಅದಕ್ಕೇ ವಾರಕ್ಕೊಂದ್ಸಲ ತಪ್ಪದೆ ಮಾಡ್ಬೇಕು, ಹದಿನೈದು ದಿನಕ್ಕೊಂದ್ಸಲ ಮಾಡಿದ್ರೆ ಮಾಡದ ಹಾಗೇ. ಹೂಕುಂಡದ ತಟ್ಟೆ, ಹಳೇ ಟೈರು, ಬಾಟಲಿ ಮುಚ್ಚಳ, ಮುಚ್ಚಳ ಸರಿಯಿಲ್ಲದ ಟ್ಯಾಂಕು, ಮೂಲೇಲಿ ಮರೆತ ಬಕೆಟ್ಟು.

ತಟ್ಟೆ ನೀರಲ್ಲಿ ದಾರದ ಚೂರಿನ ಹಾಗೆ ನೇತಾಡ್ತಾ ಇರುತ್ತೆ ಸೊಳ್ಳೆ ಮರಿ, ತಲೆ ಕೆಳಗೆ, ಉಸಿರಾಡೋ ಬಾಲದ ತುದಿ ಮೇಲೆ. ಮಗು ಬಗ್ಗಿ ನೋಡಿ ನೆರಳು ಬಿದ್ದ ತಕ್ಷಣ ಎಲ್ಲಾ ಕೊಂಕಿ ಕೊಂಕಿ ತಳಕ್ಕೆ ಇಳಿಯುತ್ತೆ, ಏನೂ ಇಲ್ಲ ಟೀಚರ್ ಅಂತಾರೆ. ಒಂದು ನಿಮಿಷ ಅಲ್ಲಾಡ್ದೆ ಕಾಯಿ ಅನ್ನಿ, ಒಂದೊಂದೇ ಮೇಲೆ ಬರುತ್ತೆ. ಇದನ್ನ ಒಂದ್ಸಲ ಕಂಡ ಮಗು ಮನೇಗೂ ಹೋಗಿ ಎಲ್ಲಾ ತಟ್ಟೆ ಬಗ್ಗಿ ನೋಡುತ್ತೆ.

ನೀರು ಚೆಲ್ಲಿದ್ರೆ ಸಾಲದು, ಇಲ್ಲೇ ಎಲ್ರೂ ಎಡವೋದು. ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟ್ಕೊಂಡಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ಬಿದ್ದಾಗ ಮರಿ ಆಗುತ್ತೆ. ಅದಕ್ಕೆ ಒಳಗೋಡೇನ ಬ್ರಷ್‌ನಲ್ಲಿ ಗಸಗಸ ಉಜ್ಜಬೇಕು. ಚೆಲ್ಲೋದೂ ಚರಂಡಿಗಲ್ಲ, ಒಣ ಮಣ್ಣಿಗೆ. ತೆರೆದ ಬಾವಿ, ಟ್ಯಾಂಕಿನ ಹತ್ರ ಮಕ್ಕಳನ್ನ ಬಿಡ್ಬೇಡಿ, ಅದು ದೊಡ್ಡವರು ನೋಡ್ಲಿ.

ಹಂತ 8: ಸರದಿ ಮತ್ತೆ ನೋಟ್‌ಬುಕ್ಕು

ಈಗ ಜವಾಬ್ದಾರಿ ಹಂಚಿ. ವಾರಕ್ಕೊಂದು ಗುಂಪು: ಸೋಪು ಇದೆಯಾ ನೋಡೋದು, ನಲ್ಲಿ ಸೋರ್ತಿದೆಯಾ, ಡಸ್ಟ್‌ಬಿನ್ ತುಂಬಿದೆಯಾ, ಕ್ಲಾಸಿನ ಕಿಟಕಿ ತೆಗೆದಿದೆಯಾ. ಏಳು ವರ್ಷದ ಮಗು ಸೋಪು ನೋಡಿ ಟಿಕ್ ಹಾಕ್ಬಹುದು, ಹತ್ತು ವರ್ಷದವರು ತೂಗಿ ಬರೀಬಹುದು, ಹದಿಮೂರರವರು ತಿಂಗಳ ಲೆಕ್ಕ ಮಾಡಿ ಹೆಡ್‌ಮಾಸ್ಟರ್ ಮುಂದೆ ಇಡ್ಬಹುದು. ಗುಡಿಸೋ ಮುಂಚೆ ಸ್ವಲ್ಪ ನೀರು ಚಿಮುಕಿಸ್ಲಿ, ಒಣ ಧೂಳು ಎಬ್ಬಿಸಿದ್ರೆ ಅಸ್ತಮಾ ಇರೋ ಮಕ್ಕಳಿಗೆ ತೊಂದ್ರೆ, ಅವರಿಗೆ ಗುಡಿಸೋ ಸರದಿ ಕೊಡ್ಲೇಬೇಡಿ, ಬರೆಯೋ ಕೆಲಸ ಕೊಡಿ.

ಬಹುಮಾನದ ಬಗ್ಗೆ ನನ್ನ ಅಭಿಪ್ರಾಯ: ವಸ್ತು ಕೊಡ್ಬೇಡಿ. ಕೊಡೋದು ನಿಂತ ದಿನ ಕೆಲಸಾನೂ ನಿಲ್ಲುತ್ತೆ. ನೋಟ್‌ಬುಕ್ಕಲ್ಲಿ ಮಗು ಬರೆದಿದ್ದಕ್ಕೆ ಅದೇ ವಾರ ಕೆಲಸ ಆಗೋದು, ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಹಂತ 9: ಗೇಟಿನ ಆಚೆ

ಶಾಲೆ ಒಳಗೆ ಮೂರ್ನಾಲ್ಕು ತಿಂಗಳು ನಿಂತ ಮೇಲೆ ಮಾತ್ರ. ಗೇಟಿನಿಂದ ಐದು ನಿಮಿಷ ನಡೆಯೋ ದೂರದೊಳಗೆ ಒಂದೇ ಜಾಗ ಆರಿಸ್ಕೊಳ್ಳಿ, ಹಂತ 3ರ ಹಾಗೇ ನಕ್ಷೆ ಬರೆಸಿ. ಅಲ್ಲಿರೋ ಜನರ ಹತ್ರ ಮಕ್ಕಳು ಮೊದಲು ಪ್ರಶ್ನೆ ಕೇಳ್ಲಿ, ಬುದ್ಧಿ ಹೇಳೋದು ಬೇಡ. "ಅಜ್ಜಿ, ಇಲ್ಲಿ ಕಸ ತಗೊಂಡ್ ಹೋಗೋಕೆ ಯಾವಾಗ ಬರ್ತಾರೆ?" ಅಂದ್ರೆ ಅಜ್ಜಿ ಹತ್ತು ವಿಷಯ ಹೇಳ್ತಾರೆ, "ಇಲ್ಲಿ ಕಸ ಹಾಕ್ಬಾರ್ದು" ಅಂದ್ರೆ ಬಾಗಿಲು ಹಾಕ್ಕೊತಾರೆ.

ಗೇಟಿನ ಮುಂದೆ ಇಂಜಿನ್ ಆಫ್ ಮಾಡದೆ ನಿಲ್ಲೋ ಗಾಡಿಗಳು ಮೊದಲ ಕೆಲಸಕ್ಕೆ ಚೆನ್ನಾಗಿರುತ್ತೆ. ಮಕ್ಕಳು ಒಂದು ವಾರ ಆವರಣದ ಒಳಗಡೆಯಿಂದಾನೇ ಎಣಿಸ್ಲಿ, ಆ ಲೆಕ್ಕಾನ ಅಪ್ಪ ಅಮ್ಮಂದಿರ ಮೀಟಿಂಗಲ್ಲಿ ಓದ್ಲಿ, ಮುಂದಿನ ತಿಂಗಳು ಮತ್ತೆ ಎಣಿಸ್ಲಿ.

ಜೂನ್ 5ಕ್ಕೆ, ಅಂದ್ರೆ ವಿಶ್ವ ಪರಿಸರ ದಿನಕ್ಕೆ, ಗಿಡ ನೆಡೋರಿಗೆ: ಗಿಡ ಆರಿಸೋ ಮುಂಚೆ ನೀರು ಹಾಕೋರನ್ನ ಆರಿಸಿ. ಐವತ್ತು ನೆಟ್ಟು ಒಣಗಿಸೋದಕ್ಕಿಂತ ಐದು ನೆಟ್ಟು ಮೂರು ವರ್ಷ ನೋಡ್ಕೊಂಡ್ರೆ ಮಕ್ಕಳಿಗೆ ಗಿಡ ಅಂದ್ರೇನು ಅಂತ ಗೊತ್ತಾಗುತ್ತೆ.

ದಾರಿ ತಪ್ತಿದೆ ಅಂತ ತೋರಿಸೋ ಲಕ್ಷಣಗಳು

ಸೋಪು ಕರಗ್ತಾನೇ ಇಲ್ಲ, ಹದಿನೈದು ದಿನದಿಂದ ಅದೇ ಸೋಪು ಹೊಸದರ ಹಾಗಿದೆ ಅಂದ್ರೆ ನೋಟ್‌ಬುಕ್ಕಲ್ಲಿ ಏನೇ ಬರೆದಿರ್ಲಿ ಯಾರೂ ಕೈ ತೊಳೀತಿಲ್ಲ. ಎಲ್ಲಾ ದಿನಕ್ಕೂ ಟಿಕ್ ಇದೆ, ಒಂದು ದೂರೂ ಇಲ್ಲ ಅಂದ್ರೆ ಮಕ್ಕಳು ಒಂದೇ ದಿನ ಕೂತು ತುಂಬಿಸ್ತಿದ್ದಾರೆ. ಅತಿಥಿಗಳು ಬರೋ ದಿನ ಮಾತ್ರ ಹೊಸ ಸೋಪು ಬಂದ್ರೆ ಮಕ್ಕಳು ಅದನ್ನೂ ಗಮನಿಸ್ತಾರೆ. ಸರದಿ ಪಟ್ಟೀಲಿ ಅದದೇ ಹೆಸರು ಬರ್ತಿದ್ರೆ ಯಾರೋ ತಪ್ಪಿಸ್ಕೊತಿದ್ದಾರೆ, ಯಾರ ಮೇಲೋ ಹೊರೆ ಬೀಳ್ತಿದೆ.

ಒಂದೇ ವಾರದಲ್ಲಿ ಮೂರ್ನಾಲ್ಕು ಮಕ್ಕಳಿಗೆ ವಾಂತಿ ಭೇದಿ ಆದ್ರೆ ಎಲ್ಲಾ ಚಟುವಟಿಕೆ ಬದಿಗಿಟ್ಟು ಕುಡಿಯೋ ನೀರು ಪರೀಕ್ಷೆ ಮಾಡಿಸಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ ಇದ್ರೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಇಡಿ, 24ರಿಂದ 48 ಗಂಟೇಲಿ ಕಪ್ಪಾದ್ರೆ ಮಲದ ಕೊಳೆ ಸೇರಿರೋ ಅನುಮಾನ ಬಲವಾಗಿದೆ ಅಂತ. ಕಪ್ಪಾದ ಬಾಟಲೀನ ಮಕ್ಕಳು ತೆರೀಬಾರ್ದು, ಒಳಗೆ ಕ್ರಿಮಿ ಜೀವಂತವಾಗಿ ಬೆಳೆದಿರುತ್ತೆ. ಗೊತ್ತಾಗೋವರೆಗೆ ಆ ನೀರು ಕುದಿಸದೆ ಕುಡಿಸ್ಬೇಡಿ.

ಇನ್ನೊಂದು, ವರ್ಷ ಮುಗಿಯೋ ಹೊತ್ತಿಗೆ ಎಲ್ಲಾ ಗೊತ್ತಿರೋ ದೊಡ್ಡ ಮಕ್ಕಳು ಶಾಲೆ ಬಿಟ್ಟು ಹೋಗ್ತಾರೆ. ಅವರು ಹೋಗೋಕೆ ಎರಡು ತಿಂಗಳು ಮುಂಚೆನೇ ಒಬ್ಬೊಬ್ಬರ ಜೊತೆ ಒಬ್ಬ ಚಿಕ್ಕ ಮಗುನ ಹಾಕಿ, ಸೊಳ್ಳೆ ಮರಿ ಎಲ್ಲಿ ಸಿಗುತ್ತೆ, ಯಾವ ನಲ್ಲಿ ಯಾವಾಗ್ಲೂ ಕೆಡುತ್ತೆ, ನೋಟ್‌ಬುಕ್ಕಲ್ಲಿ ಹೇಗೆ ಬರೀಬೇಕು ಅಂತ ಅವರೇ ತೋರಿಸ್ಕೊಡ್ಲಿ.